ಒಂದು ಕಂಪ್ಯೂಟರಿಗೆ ಎರಡು ಮಾನಿಟರ್: ಆಯ್ಕೆ ಮತ್ತು ಜೋಡಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಿನವಿಡೀ ಅಕ್ಷರಗಳ ಜೊತೆ ಕೆಲಸ ಮಾಡುವವರನ್ನು, ಅಂದರೆ ಕರಡು ತಿದ್ದುವವರು, ಅನುವಾದಕರು, ಪುಟವಿನ್ಯಾಸದವರು, ಲೆಕ್ಕಪತ್ರ ನೋಡುವವರು, ಪ್ರೋಗ್ರಾಂ ಬರೆಯುವವರು ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಆಟಕ್ಕಾಗಿಯೇ ಮಾನಿಟರ್ ಕೊಳ್ಳುವವರ ಅಗತ್ಯಗಳು ಬೇರೆ. ಅವರಿಗೆ ಸಂಬಂಧಿಸಿದ್ದು ಇಲ್ಲಿ ಅಲ್ಲಲ್ಲಿ ಮಾತ್ರ ಬರುತ್ತದೆ.

ಅಂಗಡಿಗೆ ಹೋಗುವ ಮುನ್ನ ತೀರ್ಮಾನಿಸಬೇಕಾದ ಮೊದಲ ಸಂಗತಿ ಯಾವುದು?

ಅಳತೆಯೂ ಅಲ್ಲ, ಕಂಪನಿಯೂ ಅಲ್ಲ. ನಿಮ್ಮ ಕಣ್ಣು ಎರಡು ಪರದೆಗಳ ನಡುವೆ ಹೇಗೆ ಓಡಾಡುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಎಡಗಡೆ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪುಟ, ಬಲಗಡೆ ಅದನ್ನು ನೋಡಿ ಬೆರಳಚ್ಚು ಮಾಡುತ್ತಿರುವ ಪಠ್ಯ, ಹೀಗೆ ಸಾಲು ಸಾಲಿಗೂ ಕಣ್ಣು ಅತ್ತಿಂದಿತ್ತ ಹೋಗುತ್ತಿದ್ದರೆ ಅದು ಸಮಾನ ಬಳಕೆ. ಒಂದರಲ್ಲಿ ಕೆಲಸ ನಡೆಯುತ್ತಿದ್ದು, ಇನ್ನೊಂದರಲ್ಲಿ ಮಿಂಚಂಚೆ, ನಿಘಂಟು ಅಥವಾ ವೀಡಿಯೊ ಸಭೆ ಸುಮ್ಮನೆ ತೆರೆದಿದ್ದು, ಗಂಟೆಗೆ ನಾಲ್ಕಾರು ಬಾರಿ ಮಾತ್ರ ಅತ್ತ ನೋಡುವುದಾದರೆ ಅದು ಮುಖ್ಯ ಪರದೆ ಮತ್ತು ಪಕ್ಕದ ಪರದೆಯ ವ್ಯವಸ್ಥೆ.

ಸಮಾನ ಬಳಕೆಯಲ್ಲಿ ಎರಡೂ ಪರದೆಗಳ ಎತ್ತರ, ಅಕ್ಷರದ ಗಾತ್ರ, ಹೊಳಪು ಮತ್ತು ಬಣ್ಣ ಹೊಂದಲೇಬೇಕು. ಇಲ್ಲವಾದರೆ ಕಣ್ಣು ಪ್ರತಿ ಸಲವೂ ಹೊಸದಾಗಿ ಹೊಂದಿಕೊಳ್ಳಬೇಕಾಗಿ ಬಂದು, ಸಂಜೆಯ ಹೊತ್ತಿಗೆ ಆಯಾಸ ಗೊತ್ತಾಗುತ್ತದೆ. ಎರಡನೆಯ ಬಗೆಯಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಹಣವನ್ನೆಲ್ಲ ಮುಖ್ಯ ಪರದೆಗೆ ಹಾಕಿ, ಪಕ್ಕಕ್ಕೆ ಮನೆಯಲ್ಲಿರುವ ಹಳೆಯದನ್ನೇ ಇಟ್ಟುಕೊಂಡರೂ ನಡೆಯುತ್ತದೆ. ಮುಂದಿನ ಬಹುತೇಕ ಉತ್ತರಗಳು ಈ ಎರಡರಲ್ಲಿ ನೀವು ಯಾವ ಕಡೆಯವರು ಎಂಬುದರ ಮೇಲೆಯೇ ನಿಂತಿವೆ.

ಎರಡೂ ಒಂದೇ ಮಾಡೆಲ್ ಆಗಿರಲೇಬೇಕೇ?

ಸಮಾನ ಬಳಕೆಗಾದರೆ ಹೌದು, ಸಾಧ್ಯವಾದಷ್ಟೂ ಒಂದೇ ಮಾಡೆಲ್, ಒಂದೇ ದಿನ, ಒಂದೇ ಅಂಗಡಿಯಿಂದ ಕೊಳ್ಳುವುದು ಒಳ್ಳೆಯದು. ಒಂದೇ ಮಾಡೆಲ್ ಸಂಖ್ಯೆಯ ಮಾನಿಟರ್‌ಗಳಲ್ಲಿಯೂ ತಯಾರಕರು ಕಾಲಕಾಲಕ್ಕೆ ಬೇರೆ ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಒಳಗಿನ ಫಲಕ, ಹಾಕುವುದುಂಟು. ಆದ್ದರಿಂದ ಈಗ ಒಂದು, ವರ್ಷ ಬಿಟ್ಟು ಇನ್ನೊಂದು ಎಂದು ಕೊಂಡಾಗ ಹೆಸರು ಒಂದೇ ಆಗಿದ್ದರೂ ಬಿಳಿ ಬಣ್ಣ ಒಂದರಲ್ಲಿ ನಸು ಹಳದಿಯಾಗಿ, ಇನ್ನೊಂದರಲ್ಲಿ ನಸು ನೀಲಿಯಾಗಿ ಕಾಣಬಹುದು. ನನ್ನ ಅಭಿಪ್ರಾಯದಲ್ಲಿ ಒಂದು ಅತ್ಯುತ್ತಮ ಮಾನಿಟರ್ ಹಾಗೂ ಅದಕ್ಕೆ ಹೊಂದದ ಇನ್ನೊಂದಕ್ಕಿಂತ ಮಧ್ಯಮ ದರ್ಜೆಯ, ಒಂದೇ ತೆರನಾದ ಎರಡು ಮಾನಿಟರ್‌ಗಳು ಪಠ್ಯದ ಕೆಲಸಕ್ಕೆ ಮೇಲು.

ಬೇರೆ ಬೇರೆ ಕಂಪನಿಯವನ್ನು ಜೋಡಿಸಲೇಬೇಕಾದರೆ, ಪಿಕ್ಸೆಲ್ ಸಾಂದ್ರತೆ, ಪರದೆಯ ಎತ್ತರ, ಪ್ಯಾನೆಲ್ ಬಗೆ ಮತ್ತು ಮೇಲ್ಮೈ ಇವು ಈ ಅನುಕ್ರಮದಲ್ಲಿ ಹೊಂದುತ್ತವೆಯೇ ನೋಡಿ. ಮೇಲ್ಮೈ ಎಂದಾಗ ಒಂದು ಮ್ಯಾಟ್, ಇನ್ನೊಂದು ಗಾಜಿನ ಹೊಳಪಿನದು ಆಗದಿರಲಿ ಎಂದರ್ಥ. ಹೊರಗಿನ ಚೌಕಟ್ಟಿನ ಬಣ್ಣ, ಸ್ಟ್ಯಾಂಡಿನ ಆಕಾರ ಮುಂತಾದವು ನಾಲ್ಕು ದಿನದಲ್ಲಿ ಮರೆತುಹೋಗುವ ಸಂಗತಿಗಳು.

ಪಿಕ್ಸೆಲ್ ಸಾಂದ್ರತೆ ಎಂದರೇನು? ಅದಕ್ಕೆ ಇಷ್ಟು ಮಹತ್ವ ಏಕೆ?

ಪರದೆಯ ಒಂದು ಇಂಚು ಉದ್ದದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ, ಅಂದರೆ ಚಿತ್ರ ಮೂಡಿಸುವ ಚುಕ್ಕಿಗಳಿವೆ, ಎಂಬ ಲೆಕ್ಕವೇ ಪಿಕ್ಸೆಲ್ ಸಾಂದ್ರತೆ. ಅಡ್ಡ ಮತ್ತು ಉದ್ದದ ಪಿಕ್ಸೆಲ್ ಸಂಖ್ಯೆಗಳ ವರ್ಗಗಳನ್ನು ಕೂಡಿಸಿ, ಮೊತ್ತದ ವರ್ಗಮೂಲ ತೆಗೆದು, ಅದನ್ನು ಪರದೆಯ ಕರ್ಣದ ಇಂಚುಗಳಿಂದ ಭಾಗಿಸಿದರೆ ಸಿಗುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯಕ್ಕೆ ಇದೊಂದು ಉಪಯೋಗ.

ಸಾಮಾನ್ಯವಾಗಿ ಸಿಗುವ ಅಳತೆಗಳ ಲೆಕ್ಕ ಹೀಗಿದೆ. 24 ಇಂಚಿನ ಫುಲ್ ಎಚ್‌ಡಿ, ಅಂದರೆ 1920×1080 ಪಿಕ್ಸೆಲ್ಲಿನ ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್. ಅದೇ ರೆಸಲ್ಯೂಷನ್ನನ್ನು, ಅಂದರೆ ಅಷ್ಟೇ ಪಿಕ್ಸೆಲ್‌ಗಳನ್ನು, 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. 27 ಇಂಚಿನ ಕ್ಯೂಎಚ್‌ಡಿಯಲ್ಲಿ, ಅಂದರೆ 2560×1440ರಲ್ಲಿ, 109. 32 ಇಂಚಿನ ಹೆಸರಿನಲ್ಲಿ ಮಾರುವ 31.5 ಇಂಚಿನ ಕ್ಯೂಎಚ್‌ಡಿಯಲ್ಲಿ 93. ಇನ್ನು 4ಕೆ, ಅಂದರೆ 3840×2160 ಆದರೆ 27 ಇಂಚಿನಲ್ಲಿ 163, 31.5 ಇಂಚಿನಲ್ಲಿ 140.

ಸಾಂದ್ರತೆ ಬೇರೆಯಾಗಿರುವ ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಕಡತದ ಕಿಟಕಿಯನ್ನು ಒಂದರಿಂದ ಇನ್ನೊಂದಕ್ಕೆ ಎಳೆದರೆ ಅಕ್ಷರಗಳು ಥಟ್ಟನೆ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಕಿಟಕಿ ಎರಡೂ ಪರದೆಗಳ ಮೇಲೆ ಹರಡಿದ್ದರೆ ಒಂದೇ ಸಾಲು ನಡುವೆ ಮುರಿದು ಮೆಟ್ಟಿಲಿನಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಅಳತೆ ಒಂದೇ ಇರಬೇಕೆಂದಿಲ್ಲ, ಸಾಂದ್ರತೆ ಹತ್ತಿರವಿದ್ದರೆ ಸಾಕು. ಮೇಲಿನ ಲೆಕ್ಕದಲ್ಲಿ 24 ಇಂಚಿನ ಫುಲ್ ಎಚ್‌ಡಿಗೂ 31.5 ಇಂಚಿನ ಕ್ಯೂಎಚ್‌ಡಿಗೂ ಒಂದೇ ಒಂದು ಪಿಕ್ಸೆಲ್ಲಿನ ವ್ಯತ್ಯಾಸವಿರುವುದನ್ನು ಗಮನಿಸಿ. ಅಕ್ಷರದ ಗಾತ್ರದ ಮಟ್ಟಿಗೆ ಅವೆರಡೂ ಒಳ್ಳೆಯ ಜೋಡಿ. ಬದಲಿಗೆ, ಒಂದೇ ರೆಸಲ್ಯೂಷನ್ ಎಂದು ನಂಬಿ 24 ಇಂಚಿನ ಪಕ್ಕದಲ್ಲಿ 27 ಇಂಚಿನ ಫುಲ್ ಎಚ್‌ಡಿಯನ್ನು ಇಟ್ಟರೆ ಅವು ಹೊಂದುವುದಿಲ್ಲ.

ಕನ್ನಡ ಪಠ್ಯದ ಕೆಲಸಕ್ಕೆ ಎಷ್ಟು ಸಾಂದ್ರತೆ ಬೇಕು?

ಇಂಗ್ಲಿಷ್ ಅಕ್ಷರಗಳನ್ನು ತೋರಿಸಿ ಮಾನಿಟರ್ ಚೆನ್ನಾಗಿದೆ ಎಂದು ಹೇಳುವ ವಿಮರ್ಶೆಗಳು ನಮ್ಮ ಕೆಲಸಕ್ಕೆ ಅರ್ಧ ಮಾತ್ರ ಉಪಯುಕ್ತ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತಕ್ಷರವಿರುತ್ತದೆ, ಕೆಲವೊಮ್ಮೆ ‘ಸ್ತ್ರೀ’ಯಲ್ಲಿರುವಂತೆ ಎರಡು ಒತ್ತಕ್ಷರಗಳಿರುತ್ತವೆ, ಬ ಮತ್ತು ಭ, ದ ಮತ್ತು ಧ, ಡ ಮತ್ತು ಢ ಇವುಗಳ ನಡುವಿನ ಭೇದವೆಲ್ಲ ಅಕ್ಷರದ ಬುಡದಲ್ಲಿರುವ ಪುಟ್ಟ ಸೀಳಿನಲ್ಲಿದೆ. ಪರದೆಯ ಮೇಲಿನದನ್ನೆಲ್ಲ ಹಿಗ್ಗಿಸಿ ತೋರಿಸುವ ಹೊಂದಾಣಿಕೆಗೆ ಸ್ಕೇಲಿಂಗ್ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಶೇಕಡ 100ರ ಸ್ಕೇಲಿಂಗ್‌ನಲ್ಲಿ 11 ಪಾಯಿಂಟಿನ ಅಕ್ಷರಕ್ಕೆ ಸಿಗುವ ಒಟ್ಟು ಎತ್ತರ ಸುಮಾರು 15 ಪಿಕ್ಸೆಲ್. ಒತ್ತಕ್ಷರಕ್ಕೆ ದಕ್ಕುವುದು ಅದರ ಅರ್ಧವೋ, ಅದಕ್ಕಿಂತ ಕಡಿಮೆಯೋ. ಅಷ್ಟರಲ್ಲಿ ಸೀಳು ಮಸುಕಾಗುವುದು ಸಹಜ. ಅದೇ ಅಕ್ಷರಕ್ಕೆ 4ಕೆ ಪರದೆಯಲ್ಲಿ ಶೇಕಡ 150ರ ಸ್ಕೇಲಿಂಗ್‌ನೊಂದಿಗೆ 22 ಪಿಕ್ಸೆಲ್, ಶೇಕಡ 200ರಲ್ಲಿ 29 ಪಿಕ್ಸೆಲ್ ಸಿಗುತ್ತದೆ. ಕರಡು ತಿದ್ದುವವರಿಗೆ ಇದು ಅಲಂಕಾರದ ಪ್ರಶ್ನೆಯಲ್ಲ. ‘ಬಾರ’ ಎಂದು ಬಿದ್ದಿರುವ ‘ಭಾರ’ ಕಣ್ಣಿಗೆ ಸಿಗುವುದೋ ತಪ್ಪಿಸಿಕೊಳ್ಳುವುದೋ ಇದರ ಮೇಲೆ ಹೋಗುತ್ತದೆ.

ಹೀಗಾಗಿ ಕನ್ನಡದಲ್ಲಿ ಓದುವ, ತಿದ್ದುವ ಕೆಲಸವಿರುವವರು 27 ಇಂಚಿನ ಫುಲ್ ಎಚ್‌ಡಿಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಡುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. 24 ಇಂಚಿನ ಫುಲ್ ಎಚ್‌ಡಿ ಸಾಕೆನಿಸುವಷ್ಟು, 27 ಇಂಚಿನ ಕ್ಯೂಎಚ್‌ಡಿ ಹಿತವೆನಿಸುವಷ್ಟು, 27 ಇಂಚಿನ 4ಕೆ ಬಹುಮಟ್ಟಿಗೆ ಮುದ್ರಿತ ಪುಟವನ್ನು ನೋಡಿದಷ್ಟು. ಅಂಗಡಿಗೆ ಹೋಗುವಾಗ, ಅದು ಬೆಂಗಳೂರಿನ ಎಸ್.ಪಿ. ರಸ್ತೆಯದಾಗಲಿ ನಿಮ್ಮೂರಿನದಾಗಲಿ, ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಕನ್ನಡ ಪಿಡಿಎಫ್ ಒಯ್ದು, ಶೇಕಡ 100ರ ಗಾತ್ರದಲ್ಲಿ ತೆರೆದು ನೋಡಿ. ಅಂಗಡಿಯವರು ಓಡಿಸುವ ಹೂವಿನ, ಜಲಪಾತದ ವೀಡಿಯೊ ಯಾವ ಪರದೆಯಲ್ಲಾದರೂ ಸುಂದರವಾಗಿಯೇ ಕಾಣುತ್ತದೆ.

ನನ್ನಲ್ಲಿ ಈಗಾಗಲೇ 24 ಇಂಚಿನ ಫುಲ್ ಎಚ್‌ಡಿ ಇದೆ. ಎರಡನೆಯದು ಯಾವುದಾಗಿರಬೇಕು?

ಸಮಾನ ಬಳಕೆಗೆ ಇನ್ನೊಂದು 24 ಇಂಚಿನ ಫುಲ್ ಎಚ್‌ಡಿಯೇ ಸರಳ ಉತ್ತರ. ಹೊಸದನ್ನು ಮುಖ್ಯವಾಗಿಸಿ ಹಳೆಯದನ್ನು ಪಕ್ಕಕ್ಕೆ ಸರಿಸುವ ಯೋಚನೆಯಿದ್ದರೆ 27 ಇಂಚಿನ ಕ್ಯೂಎಚ್‌ಡಿ ಅಥವಾ 4ಕೆ ತೆಗೆದುಕೊಳ್ಳಬಹುದು. 4ಕೆಯನ್ನು ಶೇಕಡ 175ರ ಸ್ಕೇಲಿಂಗ್‌ನಲ್ಲಿ ಇಟ್ಟರೆ 163ನ್ನು 1.75ರಿಂದ ಭಾಗಿಸಿದ 93ರ ಲೆಕ್ಕ ಬರುತ್ತದೆ, ಅಂದರೆ ಅಕ್ಷರದ ಗಾತ್ರ 24 ಇಂಚಿನದಕ್ಕೆ ಸರಿಸಮನಾಗುತ್ತದೆ. ಆದರೆ ಸ್ಪಷ್ಟತೆ ಸಮನಾಗುವುದಿಲ್ಲ. 4ಕೆ ನೋಡಿ ಅಭ್ಯಾಸವಾದ ಮೇಲೆ ಪಕ್ಕದ ಹಳೆಯ ಪರದೆ ಮಸುಕಾಗಿದೆ ಎಂಬ ಅಸಮಾಧಾನ ಶುರುವಾಗುತ್ತದೆ, ಅದಕ್ಕೆ ಸಿದ್ಧರಾಗಿರಿ.

ಲ್ಯಾಪ್‌ಟಾಪಿನ ಪರದೆಯನ್ನೇ ಎರಡನೆಯದಾಗಿ ಬಳಸಿದರೆ ಸಾಲದೇ?

ಪಕ್ಕದ ಪರದೆಯಾಗಿ ಖಂಡಿತ ಸಾಕು. 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನ ಸಾಂದ್ರತೆ 141 ಇರುವುದರಿಂದ ಅದನ್ನು ಶೇಕಡ 150ಕ್ಕೆ, ಪಕ್ಕದ 24 ಇಂಚಿನ ಮಾನಿಟರನ್ನು ಶೇಕಡ 100ಕ್ಕೆ ಇಟ್ಟರೆ ಅಕ್ಷರಗಳ ಗಾತ್ರ ಹೆಚ್ಚು ಕಡಿಮೆ ಒಂದೇ ಆಗುತ್ತದೆ. ಹೀಗೆ ಒಂದೊಂದು ಪರದೆಗೆ ಬೇರೆ ಬೇರೆ ಸ್ಕೇಲಿಂಗ್ ಕೊಡುವ ಸೌಲಭ್ಯ ವಿಂಡೋಸ್ 8.1ರಿಂದಲೂ ಇದೆ, 10 ಮತ್ತು 11ರಲ್ಲಿ ಸಾಕಷ್ಟು ಸುಧಾರಿಸಿದೆ. ಹಳೆಯ ತಂತ್ರಾಂಶಗಳು ಮಾತ್ರ ಇದಕ್ಕೆ ಒಗ್ಗುವುದಿಲ್ಲ. ಯೂನಿಕೋಡ್ ಬರುವ ಮುಂಚಿನ ಕಾಲದ ಕನ್ನಡ ತಂತ್ರಾಂಶ ಅಥವಾ ಹಳೆಯ ಪುಟವಿನ್ಯಾಸದ ತಂತ್ರಾಂಶ ಬಳಸುವವರು, ಕಿಟಕಿಯನ್ನು ಬೇರೆ ಸ್ಕೇಲಿಂಗ್ ಇರುವ ಪರದೆಗೆ ಎಳೆದಾಗ ಅಕ್ಷರಗಳು ಮಬ್ಬಾಗುವುದನ್ನು ನೋಡಬಹುದು. ಅಂಥವರು ಆ ತಂತ್ರಾಂಶವನ್ನು ಮುಖ್ಯ ಪರದೆಯಲ್ಲೇ ತೆರೆಯುವುದು, ಸಾಧ್ಯವಾದರೆ ಎರಡೂ ಪರದೆಗಳನ್ನು ಒಂದೇ ಸ್ಕೇಲಿಂಗ್‌ನಲ್ಲಿ ಇಡುವುದು ಉಚಿತ.

ಲಿನಕ್ಸ್ ಬಳಸುವವರು, ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಲಾಗಿನ್ ಆದರೆ ಪರದೆಗೊಂದು ಸ್ಕೇಲಿಂಗ್ ಸುಲಭ. ಹಳೆಯ ಎಕ್ಸ್11ರಲ್ಲಿ ಅದು ತೊಡಕಿನ ಕೆಲಸ. ಮ್ಯಾಕ್‌ನಲ್ಲಿ ಇಂಚಿಗೆ 110ರ ಅಥವಾ 220ರ ಆಸುಪಾಸಿನ ಪರದೆಗಳು ಚೆನ್ನಾಗಿ ಹೊಂದುತ್ತವೆ. 2018ರ ಮೊಹಾವೆ ಆವೃತ್ತಿಯಿಂದ ಮ್ಯಾಕ್ ಅಕ್ಷರದ ಅಂಚನ್ನು ನಯಗೊಳಿಸುವ ಹಳೆಯ ಕ್ರಮವನ್ನು ಕೈಬಿಟ್ಟಿದೆಯಾದ್ದರಿಂದ ಸಾಧಾರಣ ಫುಲ್ ಎಚ್‌ಡಿ ಮಾನಿಟರ್ ವಿಂಡೋಸ್‌ನಲ್ಲಿ ಕಂಡಷ್ಟು ಚೊಕ್ಕಟವಾಗಿ ಅಲ್ಲಿ ಕಾಣುವುದಿಲ್ಲ.

ನನ್ನ ಕಂಪ್ಯೂಟರ್ ಎರಡು ಪರದೆಗಳನ್ನು ನಡೆಸಬಲ್ಲದೇ?

ಈಚಿನ ಹತ್ತು ವರ್ಷಗಳ ಹೆಚ್ಚಿನ ಕಂಪ್ಯೂಟರ್‌ಗಳು ನಡೆಸುತ್ತವೆ. ಡೆಸ್ಕ್‌ಟಾಪಿನ ಹಿಂಬದಿಯನ್ನು ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಕೇಬಲ್‌ಗಳನ್ನು ಆ ಕಾರ್ಡಿಗೇ ಚುಚ್ಚಬೇಕು. ಒಂದನ್ನು ಕಾರ್ಡಿಗೆ, ಇನ್ನೊಂದನ್ನು ಮೇಲಿರುವ ಮದರ್‌ಬೋರ್ಡಿನ ಪೋರ್ಟಿಗೆ ಹಾಕಿದಾಗ ಎರಡನೆಯ ಪರದೆ ಕಪ್ಪಾಗಿಯೇ ಉಳಿಯುವುದು ಬಹಳ ಸಾಮಾನ್ಯ, ಏಕೆಂದರೆ ಕಾರ್ಡ್ ಇದ್ದಾಗ ಮದರ್‌ಬೋರ್ಡಿನ ಪೋರ್ಟ್‌ಗಳನ್ನು ಬಯಾಸ್ (ಕಂಪ್ಯೂಟರನ್ನು ಶುರುಮಾಡುವ ಮೂಲ ತಂತ್ರಾಂಶ) ಎಷ್ಟೋ ಬಾರಿ ತಾನಾಗಿ ಆರಿಸಿಬಿಡುತ್ತದೆ. ಪ್ರತ್ಯೇಕ ಕಾರ್ಡ್ ಇಲ್ಲದಿದ್ದರೆ ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇರಬೇಕು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ.

ಅಂಗಡಿಯಲ್ಲಿ ‘ಸ್ಪ್ಲಿಟರ್’ ಎಂಬ ಹೆಸರಿನಲ್ಲಿ ಅಗ್ಗದ ಎಚ್‌ಡಿಎಂಐ ಪೆಟ್ಟಿಗೆ ಸಿಗುತ್ತದೆ. ಅದು ಒಂದೇ ಚಿತ್ರವನ್ನು ಎರಡೂ ಪರದೆಗಳಲ್ಲಿ ತೋರಿಸುತ್ತದೆಯೇ ಹೊರತು ಪರದೆಯ ಮೇಲಿನ ಕೆಲಸದ ಜಾಗವನ್ನು ಹೆಚ್ಚಿಸುವುದಿಲ್ಲ. ಮದುವೆ ಮಂಟಪದಲ್ಲಿ ನಾಲ್ಕು ಟಿವಿ ಹಚ್ಚಲು ಅದು ಸರಿ, ನಮ್ಮ ಕೆಲಸಕ್ಕಲ್ಲ.

ಯಾವ ಕೇಬಲ್ ಬಳಸಬೇಕು?

ಎರಡೂ ಕಡೆ ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ, ಇಲ್ಲವಾದರೆ ಎಚ್‌ಡಿಎಂಐ. ಫುಲ್ ಎಚ್‌ಡಿಗೆ ಯಾವ ಎಚ್‌ಡಿಎಂಐ ಆದರೂ ನಡೆಯುತ್ತದೆ. 4ಕೆಗೆ ಬಂದಾಗ ಮಾತ್ರ ಆವೃತ್ತಿ ನೋಡಬೇಕು. ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತದೆ, ಮೌಸ್ ಓಡಿಸಿದರೆ ಬಾಣದ ಗುರುತು ತಡವರಿಸಿದಂತೆ ಕಾಣುತ್ತದೆ. 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಬಾರಿ, ಬೇಕಾದರೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು, ಅದೂ ಕಂಪ್ಯೂಟರ್ ಮತ್ತು ಮಾನಿಟರ್ ಎರಡೂ ಕಡೆ.

ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಸಾಧಾರಣ ಕೇಬಲ್ ಒಂದೇ ದಿಕ್ಕಿನದು. ಎಚ್‌ಡಿಎಂಐ ಇರುವ ಕಂಪ್ಯೂಟರಿನಿಂದ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರಿಗೆ ಹೋಗಬೇಕಾದರೆ ವಿದ್ಯುತ್ ಪಡೆದು ಕೆಲಸ ಮಾಡುವ ಬೇರೆಯೇ ಪರಿವರ್ತಕ ಬೇಕಾಗುತ್ತದೆ; ಎರಡೂ ತುದಿ ಕೂಡುತ್ತದೆ ಎಂದ ಮಾತ್ರಕ್ಕೆ ಚಿತ್ರ ಬರುವುದಿಲ್ಲ. ಒಂದು ಮಾನಿಟರಿಗೆ ಹಳೆಯ ವಿಜಿಎ, ಇನ್ನೊಂದಕ್ಕೆ ಎಚ್‌ಡಿಎಂಐ ಹಾಕುವುದನ್ನು ಆದಷ್ಟು ತಪ್ಪಿಸಿ. ವಿಜಿಎ ಅನಲಾಗ್ ಸಂಕೇತವಾದ್ದರಿಂದ ಎರಡೂ ಒಂದೇ ಮಾಡೆಲ್ ಆಗಿದ್ದರೂ ಒಂದರಲ್ಲಿ ಅಕ್ಷರದ ಅಂಚು ಮಸುಕಾಗಿ, ಮಾನಿಟರ್ ಕೆಟ್ಟಿದೆಯೇನೋ ಎಂಬ ಸಂಶಯ ಹುಟ್ಟಿಸುತ್ತದೆ.

ಒಂದೇ ಯುಎಸ್‌ಬಿ-ಸಿ ತಂತಿಯಿಂದ ಎರಡೂ ಪರದೆಗಳನ್ನು ನಡೆಸಬಹುದೇ?

ನಡೆಸಬಹುದು, ಆದರೆ ಇಲ್ಲಿ ಷರತ್ತುಗಳು ಹೆಚ್ಚು. ಮೊದಲನೆಯದಾಗಿ ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳಿಂದಲೂ ಚಿತ್ರ ಹೊರಬರುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ದತ್ತಾಂಶಕ್ಕೂ ಚಾರ್ಜಿಂಗ್‌ಗೂ ಸೀಮಿತ. ಪೋರ್ಟಿನ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಅಥವಾ ಥಂಡರ್‌ಬೋಲ್ಟ್ ಗುರುತಿದೆಯೇ ನೋಡಿ, ಇಲ್ಲದಿದ್ದರೆ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್ಲಿನ ವಿವರ ಓದಿ. ಎರಡನೆಯದಾಗಿ, ಒಂದು ಪೋರ್ಟನ್ನು ಹಲವಾಗಿಸುವ ಅಗ್ಗದ ಹಬ್‌ಗಳ ಪೆಟ್ಟಿಗೆಯ ಮೇಲೆ ‘4ಕೆ’ ಎಂದಷ್ಟೇ ದೊಡ್ಡದಾಗಿ ಬರೆದು 30 ಹರ್ಟ್ಜ್ ಎಂಬುದನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ತಂತಿಯ ಅರ್ಧ ಸಾಮರ್ಥ್ಯವನ್ನು ವೇಗದ ಯುಎಸ್‌ಬಿಗೆ ಬಿಟ್ಟುಕೊಟ್ಟು, ಉಳಿದರ್ಧದಲ್ಲಿ ಚಿತ್ರ ಕಳಿಸುವುದರಿಂದ ಹೀಗಾಗುತ್ತದೆ.

ಮ್ಯಾಕ್‌ಬುಕ್ ಏರ್ ಇರುವವರು ವಿಶೇಷವಾಗಿ ಎಚ್ಚರ ವಹಿಸಬೇಕು. 2020ರ ಎಂ1 ಮತ್ತು 2022ರ ಎಂ2 ಏರ್‌ಗಳು ಹೊರಗಿನ ಒಂದೇ ಪರದೆಯನ್ನು ನಡೆಸುತ್ತವೆ. 2024ರ ಎಂ3 ಏರ್ ಮುಚ್ಚಳ ಮುಚ್ಚಿದ್ದಾಗ ಎರಡನ್ನು ನಡೆಸುತ್ತದೆ. 2025ರ ಎಂ4 ಏರ್ ಮುಚ್ಚಳ ತೆರೆದಿದ್ದರೂ ಎರಡನ್ನು ನಡೆಸುತ್ತದೆ. ಹಳೆಯ ಏರ್‌ಗೆ ಎರಡು ಪರದೆ ಬೇಕೇ ಬೇಕೆಂದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್ ಕೊಂಡು ಅದರ ತಂತ್ರಾಂಶ ಹಾಕಿಕೊಳ್ಳಬೇಕು. ಅದು ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ದತ್ತಾಂಶದಂತೆ ಕಳಿಸುತ್ತದೆ. ಬರವಣಿಗೆ, ಲೆಕ್ಕಪತ್ರಕ್ಕೆ ಅಡ್ಡಿಯಿಲ್ಲ, ಆಟಕ್ಕೂ ವೀಡಿಯೊ ಸಂಕಲನಕ್ಕೂ ಹೇಳಿ ಮಾಡಿಸಿದ್ದಲ್ಲ. ಇನ್ನು ಮಾನಿಟರಿನಿಂದ ಮಾನಿಟರಿಗೆ ಡಿಸ್‌ಪ್ಲೇಪೋರ್ಟ್ ಸರಪಳಿ ಹಾಕುವ ಕ್ರಮ ವಿಂಡೋಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆಯಾದರೂ ಮ್ಯಾಕ್‌ನಲ್ಲಿ ಎರಡೂ ಪರದೆಗಳು ಒಂದೇ ಚಿತ್ರವನ್ನು ತೋರಿಸುತ್ತವೆ.

ಐಪಿಎಸ್, ವಿಎ, ಟಿಎನ್ ಎಂಬ ಪ್ಯಾನೆಲ್ ಬಗೆಗಳಲ್ಲಿ ಜೋಡಿಗೆ ಯಾವುದು ಸರಿ?

ಐಪಿಎಸ್. ಎರಡು ಪರದೆಗಳಿದ್ದಾಗ ಕನಿಷ್ಠ ಒಂದನ್ನಾದರೂ ಓರೆಯಾಗಿ ನೋಡಬೇಕಾಗುತ್ತದೆ, ಓರೆ ನೋಟದಲ್ಲಿ ಬಣ್ಣ ಬದಲಾಗದಿರುವುದು ಐಪಿಎಸ್ ಪ್ಯಾನೆಲ್ಲಿನ ಗುಣ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಹೆಚ್ಚು ಗಾಢ. ಸಾಮಾನ್ಯ ಐಪಿಎಸ್‌ನಲ್ಲಿ ಬಿಳಿ ಮತ್ತು ಕಪ್ಪಿನ ಅನುಪಾತ 1000:1ರ ಆಸುಪಾಸಿನಲ್ಲಿದ್ದರೆ ವಿಎಯಲ್ಲಿ 3000:1 ಇರುತ್ತದೆ. ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡಲು ಅದು ಹಿತ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಬಿಳಿಚುತ್ತದೆ. ಟಿಎನ್‌ನಲ್ಲಿ ಈ ದೋಷ ಇನ್ನೂ ಹೆಚ್ಚು. ಒಂದು ಐಪಿಎಸ್, ಒಂದು ವಿಎ ಎಂದು ಬೆರೆಸಿದರೆ ಯಾವ ಹೊಂದಾಣಿಕೆಯಿಂದಲೂ ಎರಡನ್ನೂ ಒಂದೇ ಆಗಿಸಲಾಗದು. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿ ಸುಂದರವೇ ಸರಿ, ಆದರೆ ದಿನವಿಡೀ ಒಂದೇ ಜಾಗದಲ್ಲಿ ನಿಲ್ಲುವ ಮೆನು ಪಟ್ಟಿಯ ಗುರುತು ಕಾಲಾಂತರದಲ್ಲಿ ಪರದೆಯಲ್ಲಿ ಉಳಿದುಬಿಡುವ ಅಪಾಯವಿರುವುದರಿಂದ ಕಚೇರಿ ಕೆಲಸಕ್ಕೆ ನಾನು ಸೂಚಿಸುವುದಿಲ್ಲ.

ಎರಡು ಪರದೆಗಳ ಬಣ್ಣ ಬೇರೆ ಬೇರೆ ಕಾಣುತ್ತಿದೆ. ಹೊಂದಿಸುವುದು ಹೇಗೆ?

ಎರಡನ್ನೂ ಅರ್ಧ ಗಂಟೆ ಉರಿಯಲು ಬಿಟ್ಟು ಕೆಲಸ ಶುರುಮಾಡಿ. ತಣ್ಣಗಿರುವ ಪರದೆಯ ಹೊಳಪು ಸ್ಥಿರವಾಗಿರುವುದಿಲ್ಲ. ಎರಡರ ಮೆನುವಿನಲ್ಲಿಯೂ ಕಾರ್ಖಾನೆಯ ಸ್ಥಿತಿಗೆ ಮರಳಿಸಿ, ವಿದ್ಯುತ್ ಉಳಿಸುವ ವಿಧಾನ, ತಾನಾಗಿ ಬದಲಾಗುವ ಕಾಂಟ್ರಾಸ್ಟ್, ಕಂಪ್ಯೂಟರಿನ ರಾತ್ರಿ ಬೆಳಕು ಇವನ್ನೆಲ್ಲ ಆರಿಸಿ. ಎರಡನ್ನೂ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಮಾನದ ವಿಧಾನಕ್ಕೆ ತನ್ನಿ. ಅನಂತರ ಎರಡರಲ್ಲೂ ಖಾಲಿ ಬಿಳಿ ಪುಟ ತೆರೆದು, ಹೆಚ್ಚು ಹೊಳೆಯುವ ಪರದೆಯನ್ನು ಮಂದವಾಗಿರುವುದರ ಮಟ್ಟಕ್ಕೆ ಇಳಿಸಿ. ಮಂದವಾದದ್ದನ್ನು ಏರಿಸಲು ಹೊರಟರೆ ಒಂದು ಹಂತದಲ್ಲಿ ಅದಕ್ಕೆ ಇನ್ನು ಏರಲು ಜಾಗವಿರುವುದಿಲ್ಲ. ಎಸ್‌ಆರ್‌ಜಿಬಿ ವಿಧಾನದಲ್ಲಿ ಹೊಳಪಿನ ಹಿಡಿತವನ್ನು ಬೀಗ ಹಾಕಿರುವ ಮಾಡೆಲ್‌ಗಳಿವೆ. ಅಂಥವುಗಳಲ್ಲಿ ‘ಯೂಸರ್’ ವಿಧಾನಕ್ಕೆ ಹೋಗಿ ಬಣ್ಣದ ತಾಪಮಾನವನ್ನು 6500 ಕೆಲ್ವಿನ್‌ಗೆ ಇಡಿ. ಕೊನೆಯಲ್ಲಿ ಉಳಿದ ಹಳದಿ ಅಥವಾ ನೀಲಿ ಛಾಯೆಯನ್ನು ಕೆಂಪು, ಹಸಿರು, ನೀಲಿಯ ಮಟ್ಟಗಳನ್ನು ತುಸುವೇ ತಗ್ಗಿಸುತ್ತ ಸರಿಪಡಿಸಿ. ಏರಿಸುವುದಕ್ಕಿಂತ ತಗ್ಗಿಸುವುದು ಇಲ್ಲಿಯೂ ಲೇಸು.

ಒಂದು ಪರದೆಯಲ್ಲಿ ಕಪ್ಪು ಬೂದಿಯಂತೆ ಬಿಳಿಚಿಕೊಂಡಿದ್ದರೆ ಮಾನಿಟರನ್ನು ದೂರುವ ಮುನ್ನ ಗ್ರಾಫಿಕ್ಸ್ ಕಾರ್ಡಿನ ಹೊಂದಾಣಿಕೆ ನೋಡಿ. ಎಚ್‌ಡಿಎಂಐಯಲ್ಲಿ ಜೋಡಿಸಿದ ಮಾನಿಟರನ್ನು ಕಂಪ್ಯೂಟರ್ ಟಿವಿ ಎಂದು ಭಾವಿಸಿ 0ಯಿಂದ 255ರವರೆಗಿನ ಪೂರ್ಣ ವ್ಯಾಪ್ತಿಯ ಬದಲು 16ರಿಂದ 235ರ ಸೀಮಿತ ವ್ಯಾಪ್ತಿಯನ್ನು ಕಳಿಸುವುದುಂಟು. ಅದನ್ನು ಪೂರ್ಣಕ್ಕೆ ಬದಲಿಸಿದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಪುಸ್ತಕದ ಮುಖಪುಟ, ಛಾಯಾಚಿತ್ರ ಮುಂತಾದ ಮುದ್ರಣದ ಕೆಲಸ ಮಾಡುವವರಿಗೆ ಕಣ್ಣಳತೆ ಸಾಲದು. ಪರದೆಗೆ ತಗುಲಿಸಿ ಬಣ್ಣ ಅಳೆಯುವ ಉಪಕರಣ ಬೇಕು. ಒಂದು ಪರದೆ ಸಾಧಾರಣ ಬಣ್ಣವ್ಯಾಪ್ತಿಯದು, ಇನ್ನೊಂದು ವಿಶಾಲ ವ್ಯಾಪ್ತಿಯದು ಆಗಿದ್ದರೆ ಉಪಕರಣದ ಪ್ರಕಾರ ಬಿಳಿ ಒಂದೇ ಆಗಿದ್ದರೂ ಕಣ್ಣಿಗೆ ಬೇರೆಯಾಗಿಯೇ ಕಾಣಬಹುದು, ಏಕೆಂದರೆ ಎರಡರ ಹಿಂಬೆಳಕಿನ ರಚನೆಯೇ ಬೇರೆ. ಅಂಥಲ್ಲಿ ಬಣ್ಣದ ತೀರ್ಮಾನಕ್ಕೆ ಒಂದು ಪರದೆಯನ್ನು ಮಾತ್ರ ನಂಬಿ, ಇನ್ನೊಂದನ್ನು ತಂತ್ರಾಂಶದ ಮೆನು ಪಟ್ಟಿಗಳಿಗೆ ಬಿಡುವುದು ಜಾಣತನ.

ಒಂದು 60 ಹರ್ಟ್ಜ್, ಇನ್ನೊಂದು 144 ಹರ್ಟ್ಜ್ ಇದ್ದರೆ ತೊಂದರೆಯೇ?

ಈಗ ಅಷ್ಟೇನಿಲ್ಲ. ಮೊದಲು ವಿಂಡೋಸ್‌ನಲ್ಲಿ ಒಂದು ಪರದೆಯ ವೀಡಿಯೊ ಇನ್ನೊಂದರ ಆಟವನ್ನು ತಡೆತಡೆದು ಓಡಿಸುತ್ತಿತ್ತು. 2020ರ ಮೇ ತಿಂಗಳ ನವೀಕರಣದಲ್ಲಿ ಅದು ಬಹುಮಟ್ಟಿಗೆ ಸರಿಹೋಯಿತು. ಹೊಸ ಮಾನಿಟರ್ ತಂದ ಮೇಲೆ ಡಿಸ್‌ಪ್ಲೇ ಹೊಂದಾಣಿಕೆಯಲ್ಲಿ 144 ಎಂದು ಆರಿಸಿಕೊಳ್ಳಲು ಮಾತ್ರ ಮರೆಯಬೇಡಿ, ಅದು ಎಷ್ಟೋ ಬಾರಿ 60ರಲ್ಲೇ ನಿಂತಿರುತ್ತದೆ.

ಮೇಜಿನ ಮೇಲೆ ಹೇಗೆ ಇಡಬೇಕು?

ಸಮಾನ ಬಳಕೆಯಾದರೆ ಎರಡರ ಅಂಚುಗಳು ಕೂಡುವ ಗೆರೆ ನಿಮ್ಮ ಮೂಗಿನ ನೇರಕ್ಕೆ ಬರಲಿ, ಎರಡೂ ಸ್ವಲ್ಪ ಒಳಮುಖವಾಗಿ ತಿರುಗಿರಲಿ. ಮುಖ್ಯ ಮತ್ತು ಪಕ್ಕದ ಪರದೆಯಾದರೆ ಮುಖ್ಯವಾದದ್ದು ನೇರ ಎದುರಿಗಿದ್ದು, ಪಕ್ಕದ್ದು ಓರೆಯಾಗಿರಲಿ. ಅಂಚುಗೆರೆಯನ್ನು ನಡುವೆ ಇಟ್ಟುಕೊಂಡು ಒಂದೇ ಪರದೆಯಲ್ಲಿ ದಿನವಿಡೀ ಕೆಲಸ ಮಾಡುವುದರಿಂದ ಕುತ್ತಿಗೆ ಒಂದೇ ಕಡೆಗೆ ತಿರುಗಿ ನಿಂತು ನೋವು ಬರುತ್ತದೆ. ಕಣ್ಣಿನಿಂದ ಒಂದು ತೋಳಿನಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್ ದೂರವಿರಲಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಕ್ಕೋ ಇರಲಿ. ಓದಲು ಕೆಳಗಿನ ಭಾಗದಲ್ಲಿ ನೋಡುವ ಎರಡು ಬಗೆಯ ಕನ್ನಡಕ ಹಾಕುವವರು ಇನ್ನಷ್ಟು ಕೆಳಗೆ ಇಟ್ಟುಕೊಳ್ಳಬೇಕು.

ಮೇಜಿನ ಅಗಲ ಅಳೆಯದೆ ಕೊಂಡು ತಂದು ಪೇಚಿಗೆ ಸಿಕ್ಕುವವರು ಬಹಳ. 24 ಇಂಚಿನ ಪರದೆ 53 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. 27 ಇಂಚಿನದು 60 ಅಗಲ, 34 ಎತ್ತರ. ಎರಡು 27 ಇಂಚಿನವನ್ನು ಒಳಮುಖವಾಗಿ ತಿರುಗಿಸಿ ಇಡಲು ನಾಲ್ಕಡಿಯ ಮೇಜು ಇಕ್ಕಟ್ಟು, ಐದಡಿಯದು ಬೇಕು. ಎತ್ತರ ಹೊಂದಿಸಲು ಬಾರದ ಸ್ಟ್ಯಾಂಡ್ ಇದ್ದರೆ ಮಾನಿಟರಿನ ಬೆನ್ನಿನಲ್ಲಿ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ವೆಸಾ ರಂಧ್ರಗಳಿವೆಯೇ ನೋಡಿ. ಇದ್ದರೆ ಲೋಹದ ತೋಳಿಗೆ ಜೋಡಿಸಬಹುದು. ತೋಳು ಹೊರುವ ತೂಕವನ್ನು ಓದಿ ಕೊಳ್ಳಿ, ಗಾಜಿನ ಮೇಜಿಗೆ ಮಾತ್ರ ಅದನ್ನು ಬಿಗಿಯಬೇಡಿ.

ಒಂದನ್ನು ಉದ್ದಕ್ಕೆ ನಿಲ್ಲಿಸಿದರೆ ಪ್ರಯೋಜನವಿದೆಯೇ?

ಪ್ರೋಗ್ರಾಂ, ಕಾನೂನು ಪತ್ರ, ಉದ್ದನೆಯ ಲೇಖನ ಓದುವವರಿಗೆ ಇದೆ. ಪುಟವಿನ್ಯಾಸದವರಿಗೆ ಅಷ್ಟಾಗಿ ಬೇಕಾಗುವುದಿಲ್ಲ. ನಮ್ಮ ಹೆಚ್ಚಿನ ಪುಸ್ತಕಗಳು ಅಚ್ಚಾಗುವ ಡೆಮಿ 1/8 ಅಳತೆ ಸುಮಾರು ಐದೂವರೆಗೆ ಎಂಟೂವರೆ ಇಂಚು. ಎದುರುಬದುರಿನ ಎರಡು ಪುಟಗಳು ನಿಜ ಗಾತ್ರದಲ್ಲಿ ಅಡ್ಡಲಾಗಿರುವ 24 ಇಂಚಿನ ಪರದೆಯಲ್ಲಿಯೇ ಆರಾಮವಾಗಿ ಕೂರುತ್ತವೆ. ಎ4 ಪುಟ ಮಾತ್ರ 29.7 ಸೆಂಟಿಮೀಟರ್ ಎತ್ತರವಿರುವುದರಿಂದ ಮೆನು ಪಟ್ಟಿಗೆ ಜಾಗ ಉಳಿಯದೆ ಕತ್ತರಿಸಿದಂತಾಗುತ್ತದೆ. ಅದಕ್ಕೆ 1920×1200ರ 24 ಇಂಚಿನ ಮಾನಿಟರ್ ಒಳ್ಳೆಯದು, ಅದರ ಎತ್ತರ 32 ಸೆಂಟಿಮೀಟರ್.

ನಿಲ್ಲಿಸುವುದಾದರೆ 24 ಇಂಚಿನದನ್ನು ನಿಲ್ಲಿಸಿ. 27 ಇಂಚಿನದು ನಿಂತಾಗ 60 ಸೆಂಟಿಮೀಟರ್ ಎತ್ತರಕ್ಕೆ ಹೋಗಿ ಮೇಲಿನ ಸಾಲುಗಳನ್ನು ಕತ್ತೆತ್ತಿ ಓದಬೇಕಾಗುತ್ತದೆ. ಪರದೆ ತಿರುಗಿಸಿದಾಗ ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ಗೆರೆಗಳ ದಿಕ್ಕೂ ತಿರುಗುವುದರಿಂದ ವಿಂಡೋಸ್‌ನಲ್ಲಿ ಅಕ್ಷರ ನಯಗೊಳಿಸುವ ಕ್ಲಿಯರ್‌ಟೈಪ್ ಅಕ್ಷರದ ಅಂಚಿಗೆ ಬಣ್ಣ ಮೆತ್ತಿದಂತೆ ತೋರಿಸಬಹುದು. ಆ ಪರದೆಗೆ ಪ್ರತ್ಯೇಕವಾಗಿ ಕ್ಲಿಯರ್‌ಟೈಪ್ ಹೊಂದಿಸಿಕೊಳ್ಳಿ. ಟಿಎನ್ ಪ್ಯಾನೆಲ್ಲನ್ನು ನಿಲ್ಲಿಸಲೇಬೇಡಿ.

ಮೌಸಿನ ಬಾಣ ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವಾಗ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ, ಏಕೆ?

ಬಾಣ ಓಡಿಸುವಾಗ ಕಂಪ್ಯೂಟರ್ ಪರದೆಯ ಇಂಚು ನೋಡುವುದಿಲ್ಲ, ಪಿಕ್ಸೆಲ್ ಮಾತ್ರ ನೋಡುತ್ತದೆ. 1440 ಪಿಕ್ಸೆಲ್ ಎತ್ತರದ ಪರದೆಯ ಪಕ್ಕದಲ್ಲಿ 1080 ಪಿಕ್ಸೆಲ್ ಎತ್ತರದ್ದಿದ್ದರೆ ಉಳಿದ 360 ಪಿಕ್ಸೆಲ್‌ಗಳ ಎದುರು ಅದರ ಲೆಕ್ಕದಲ್ಲಿ ಏನೂ ಇಲ್ಲ, ಹೀಗಾಗಿ ಬಾಣ ಅಲ್ಲಿ ನಿಂತುಬಿಡುತ್ತದೆ. ಡಿಸ್‌ಪ್ಲೇ ಹೊಂದಾಣಿಕೆಯಲ್ಲಿ ಎರಡು ಚೌಕಗಳನ್ನು ಎಳೆದು, ಮೇಜಿನ ಮೇಲಿರುವಂತೆಯೇ ಕೂರಿಸಿ. ವಿಂಡೋಸ್ 11ರಲ್ಲಿ ಪರದೆಗಳ ನಡುವೆ ಬಾಣದ ಓಡಾಟವನ್ನು ಸುಗಮಗೊಳಿಸುವ ಆಯ್ಕೆಯೂ ಅಲ್ಲಿಯೇ ಇದೆ. ಒಂದೇ ರೆಸಲ್ಯೂಷನ್ನಿನ ಜೋಡಿಗೆ ಈ ತಾಪತ್ರಯವೇ ಇಲ್ಲ.

ಮನೆಯ ಟಿವಿಯನ್ನು ಎರಡನೆಯ ಪರದೆಯಾಗಿ ಬಳಸಬಹುದೇ?

ಚಿತ್ರ ನೋಡಲು ಬಳಸಬಹುದು, ಓದಲು ಬೇಡ. ಅನೇಕ ಮನೆಗಳಲ್ಲಿರುವ 32 ಇಂಚಿನ ಎಚ್‌ಡಿ ಟಿವಿ 1366×768 ಪಿಕ್ಸೆಲ್ಲಿನದು, ಇಂಚಿಗೆ 49 ಮಾತ್ರ. 43 ಇಂಚಿನ 4ಕೆ ಟಿವಿಯ ಸಾಂದ್ರತೆ 102 ಇರುವುದರಿಂದ ಲೆಕ್ಕಕ್ಕೆ ಚೆನ್ನಾಗಿದೆ, ಆದರೆ ಹಲವು ಟಿವಿಗಳು ಬಣ್ಣದ ವಿವರವನ್ನು ಕುಗ್ಗಿಸಿ ತೋರಿಸುವುದರಿಂದ ಕೆಂಪು, ನೀಲಿ ಅಕ್ಷರಗಳು ಕದಡಿದಂತಾಗುತ್ತವೆ. ಆ ಇನ್‌ಪುಟ್ಟಿಗೆ ‘ಪಿಸಿ’ ಎಂದು ಹೆಸರಿಡುವ ಸೌಲಭ್ಯವಿದ್ದರೆ ಹಾಗೆ ಮಾಡಿ ನೋಡಿ.

ಎರಡರ ಬದಲು ಒಂದೇ ಅಗಲವಾದ ಮಾನಿಟರ್ ಕೊಂಡರೆ?

34 ಇಂಚಿನ 3440×1440ರ ಮಾನಿಟರ್ ಎತ್ತರದಲ್ಲೂ ಸಾಂದ್ರತೆಯಲ್ಲೂ 27 ಇಂಚಿನ ಕ್ಯೂಎಚ್‌ಡಿಗೆ ಸಮ, ಅಗಲದಲ್ಲಿ ಹೆಚ್ಚು. 49 ಇಂಚಿನ 5120×1440ರದು ಎರಡು 27 ಇಂಚಿನ ಕ್ಯೂಎಚ್‌ಡಿಗಳನ್ನು ನಡುವಿನ ಗೆರೆಯಿಲ್ಲದೆ ಬೆಸೆದಂತೆ. ಬಣ್ಣ, ಎತ್ತರ ಹೊಂದಿಸುವ ಗೋಜೇ ಇಲ್ಲದಿರುವುದು ಇವುಗಳ ದೊಡ್ಡ ಅನುಕೂಲ. ಆದರೆ ವೀಡಿಯೊ ಸಭೆಯಲ್ಲಿ ಇಡೀ ಪರದೆ ಹಂಚಿಕೊಂಡರೆ ಎದುರಿನವರಿಗೆ ಅಕ್ಷರ ಇರುವೆಯಂತೆ ಕಾಣುತ್ತದೆ, ಮತ್ತು ಕೆಟ್ಟರೆ ಕೆಲಸ ಪೂರ್ತಿ ನಿಲ್ಲುತ್ತದೆ.

ಯುಪಿಎಸ್ ಮೇಲೆ ಎಷ್ಟು ಹೊರೆ ಹೆಚ್ಚುತ್ತದೆ?

24 ಇಂಚಿನ ಮಾನಿಟರ್ ಸಾಮಾನ್ಯವಾಗಿ 15ರಿಂದ 25 ವ್ಯಾಟ್ ಎಳೆಯುತ್ತದೆ, 27 ಇಂಚಿನದು 25ರಿಂದ 40. 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುವುದರಿಂದ ಹೊರೆಯ ಚಿಂತೆಯಿಲ್ಲ, ಬ್ಯಾಟರಿ ನಿಲ್ಲುವ ಹೊತ್ತು ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ. ಹಾಗೆಂದು ಎರಡನೆಯದನ್ನು ಗೋಡೆಯ ಪ್ಲಗ್ಗಿಗೆ ಹಾಕಬೇಡಿ. ಕರೆಂಟ್ ಹೋದ ಕೂಡಲೇ ಆ ಪರದೆ ಕಳಚಿಹೋಯಿತೆಂದು ಕಂಪ್ಯೂಟರ್ ತಿಳಿದು ಅದರಲ್ಲಿದ್ದ ಕಿಟಕಿಗಳನ್ನೆಲ್ಲ ಮೊದಲನೆಯದರ ಮೇಲೆ ಸುರಿಯಬಹುದು.

ಕಚೇರಿಗಳಿಂದ ಬಂದ ಬಳಸಿದ ಮಾನಿಟರ್‌ಗಳನ್ನು ಜೋಡಿಯಾಗಿ ಕೊಳ್ಳಬಹುದೇ?

ಕೊಳ್ಳಬಹುದು, ಕಡಿಮೆ ಖರ್ಚಿನಲ್ಲಿ ಒಂದೇ ಮಾಡೆಲ್ಲಿನ ಎರಡು ಐಪಿಎಸ್ ಮಾನಿಟರ್ ಸಿಗುವ ದಾರಿ ಇದೇ. ಎತ್ತರ ಹೊಂದಿಸುವ, ತಿರುಗಿಸುವ ಗಟ್ಟಿ ಸ್ಟ್ಯಾಂಡ್ ಕಚೇರಿ ಮಾದರಿಗಳಲ್ಲಿಯೇ ಹೆಚ್ಚು. ಡೆಲ್ ಯು2412ಎಂ ತರಹದ 1920×1200ರ ಹಳೆಯ ಮಾನಿಟರ್‌ಗಳು ಕರಡು ನೋಡುವವರಿಗೆ ಇಂದಿಗೂ ಒದಗುತ್ತವೆ.

ಎರಡನ್ನೂ ಅಂಗಡಿಯಲ್ಲಿಯೇ ಅಕ್ಕಪಕ್ಕ ಹಚ್ಚಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಪರದೆಗಳನ್ನು ಒಂದಾದ ಮೇಲೊಂದು ತೋರಿಸಿ ನೋಡಿ. ಬಿಳಿಯಲ್ಲಿ ಅಂಚುಗಳು ಹಳದಿಗೆ ತಿರುಗಿವೆಯೇ, ಕಪ್ಪಿನಲ್ಲಿ ಮೂಲೆಗಳಿಂದ ಬೆಳಕು ಸೋರುತ್ತಿದೆಯೇ, ಬಣ್ಣಗಳಲ್ಲಿ ಸತ್ತ ಪಿಕ್ಸೆಲ್ ಇದೆಯೇ ಎಂಬುದು ತಿಳಿಯುತ್ತದೆ. ಒಂದರ ಹೊಳಪನ್ನು ಪೂರ್ತಿ ಏರಿಸಿದರೂ ಇನ್ನೊಂದರ ಅರ್ಧಕ್ಕೆ ನಿಂತರೆ ಅದರ ಹಿಂಬೆಳಕು ಸವೆದಿದೆ, ಬೇರೊಂದನ್ನು ಕೇಳಿ. ಹೊಸ ಮಾನಿಟರ್‌ಗಳಲ್ಲಿಯೂ ಒಂದೆರಡು ಸತ್ತ ಪಿಕ್ಸೆಲ್ ಇದ್ದರೆ ಅನೇಕ ತಯಾರಕರು ಅದನ್ನು ದೋಷವೆಂದು ಒಪ್ಪುವುದಿಲ್ಲ, ಎಷ್ಟಿದ್ದರೆ ಬದಲಿಸಿಕೊಡುತ್ತಾರೆ ಎಂಬುದು ವಾರಂಟಿ ಪತ್ರದಲ್ಲಿರುತ್ತದೆ. ಬಿಲ್ ಪಡೆಯುವಾಗ ತೆರಿಗೆಯ ಸಾಲನ್ನೂ ನೋಡಿ: 32 ಇಂಚಿನವರೆಗಿನ ಮಾನಿಟರ್‌ಗಳಿಗೆ 2019ರ ಜನವರಿಯಿಂದ ಶೇಕಡ 18 ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡವಕ್ಕೆ ಇದ್ದ ಶೇಕಡ 28 ಕೂಡ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಎರಡೂ ಮಾನಿಟರ್‌ಗಳ ಸರಣಿ ಸಂಖ್ಯೆಗಳನ್ನು ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.